ಭಾವ, ಅದು ಕ್ಯಾಮೆರಾ ಅಲ್ಲ

ಭಾವ, ಕೊಲಂಬೊದ ಕ್ಯಾಸಿನೊದಲ್ಲಿ ನಿಮ್ಮನ್ನು ಹಿಡಿದುಕೊಟ್ಟವಳು ನಾನು. ಇಷ್ಟು ವರ್ಷ ನೀವು ನಂಬಿಕೊಂಡು ಬಂದದ್ದು ಸುಳ್ಳು — ನಾನೇ ಹೇಳಿದ ಸುಳ್ಳು.

ಆಗ ನಾನು ಚೆನ್ನೈಯಿಂದ ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಚೆನ್ನೈಯದೇ ಗಿಂಡಿ ಬಡಾವಣೆಯ ವಿಮಾ ಕಚೇರಿಯಿಂದ ನಿವೃತ್ತರಾಗಿದ್ದ ನೀವು ಅಕ್ಕನನ್ನು ಹೇಗೋ ಒಪ್ಪಿಸಿ ಜೊತೆಗೆ ಬರುತ್ತಿದ್ದಿರಿ. ಉಳಿದವರು ಗದ್ದಲದ ಮೇಜುಗಳಿಗೆ ಹೋದರೆ ನೀವು ಮೂಲೆಯ ಪೋಕರ್ ಯಂತ್ರದ ಮುಂದೆ. ಪರದೆಯ ಮೇಲೆ ಐದು ಇಸ್ಪೀಟು ಎಲೆ ಬರುತ್ತವೆ. ಬೇಕಾದದ್ದು ಇಟ್ಟುಕೊಂಡು ಉಳಿದದ್ದು ಬದಲಿಸಬೇಕು. "ಇದು ಅದೃಷ್ಟ ಅಲ್ಲ ಮಾರಾಯ್ತಿ. ಯಾವ ಎಲೆ ಬಿಡ್ಬೇಕು ಅಂತ ಗೊತ್ತಿದ್ರೆ, ಒಳ್ಳೆ ಮಿಷನ್ ಸಿಕ್ಕಿದ್ರೆ, ನಿಧಾನಕ್ಕೆ ನಾವೇ ಗೆಲ್ತೇವೆ," ಎಂದು ನನಗೆ ಮಾತ್ರ ಹೇಳಿದ್ದಿರಿ.

ಒಂದು ಸಂಜೆ ಅಲ್ಲಿನ ಮ್ಯಾನೇಜರ್ ತಮಿಳಿನಲ್ಲಿ ಮೆಲ್ಲಗೆ ಕೇಳಿದ: "ನಿಮ್ಮ ಭಾವ ಸುಮ್ನೆ ಆಡ್ತಾರಾ ಮೇಡಂ, ಲೆಕ್ಕ ಹಾಕಿ ಆಡ್ತಾರಾ?" ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವನು ಹೆದರಿಸಲಿಲ್ಲ, ಏನೂ ಕೊಡಲೂ ಇಲ್ಲ. ನನಗೆ ಕುತೂಹಲ — ಲೆಕ್ಕ ಬಲ್ಲವರನ್ನು ಇವರು ಏನು ಮಾಡುತ್ತಾರೆ? ಹೊರಗೆ ದಬ್ಬುತ್ತಾರೆಯೇ, ಕೈಮುಗಿಯುತ್ತಾರೆಯೇ? "ಲೆಕ್ಕ ಹಾಕಿಯೇ," ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಎಂದೆ, ಅನಿಸುತ್ತದೆ.

ದಬ್ಬಲಿಲ್ಲ. ಮ್ಯಾನೇಜರ್ ನಯವಾಗಿ ನಿಮ್ಮ ಬಳಿ ಬಂದು, ಇನ್ನು ಯಂತ್ರದಲ್ಲಿ ಆಡುವಂತಿಲ್ಲ, ಪೋಕರ್ ಮೇಜಿಗೆ ದಯಮಾಡಿಸಿ ಎಂದ. ಅಲ್ಲಿ ನೀವು ಗೆದ್ದಾಗ ಅವನೇ ನಗುತ್ತ ಕಾಫಿ ತರಿಸಿದ. ನನಗೆ ಬೆರಗು. ಆಮೇಲೆ ತಿಳಿಯಿತು — ಯಂತ್ರದಲ್ಲಿ ಗೆದ್ದರೆ ಹೋಗುವುದು ಕ್ಯಾಸಿನೊದ ಹಣ. ಮೇಜಿನಲ್ಲಿ ಹೋಗುವುದು ಎದುರು ಕೂತವರದ್ದು, ಅದರಲ್ಲೂ ಕ್ಯಾಸಿನೊಗೊಂದು ಪಾಲು. ಅಂದು ನಿಮ್ಮೆದುರು ಸೋಲುತ್ತಿದ್ದವರು ನಮ್ಮದೇ ಗುಂಪಿನ ಸೆಲ್ವಂ ಅಣ್ಣ. ಅವರ ಮುಖ ನೋಡಿ ನೀವು ಅರ್ಧಕ್ಕೇ ಎದ್ದಿರಿ.

ವಿಮಾನದಲ್ಲಿ ಕೇಳಿದಿರಿ: "ನನ್ನನ್ನು ಕಳ್ಳ ಅಂತ ತಿಳ್ಕೊಂಡ್ರಾ ಅವ್ರು?"

"ಕ್ಯಾಮೆರಾ ಇರ್ತದಲ್ಲ ಭಾವ, ಎಲ್ಲಾ ನೋಡ್ತಾರೆ," ಎಂದೆ.

ಮತ್ತೆ ನೀವು ಇಸ್ಪೀಟು ಮುಟ್ಟಲೇ ಇಲ್ಲ. ಹಬ್ಬಕ್ಕೆ ಎಲ್ಲರೂ ಸೇರಿ ರಮ್ಮಿಗೆ ಕೂತರೆ ನೀವು ಪೇಪರ್ ಹಿಡಿದು ಬಾಲ್ಕನಿಗೆ ಹೋಗುತ್ತೀರಿ. "ಎಂತಾಯ್ತೋ ಇವರಿಗೆ," ಎಂದು ಅಕ್ಕ ಒಮ್ಮೆ ಅಂದಾಗ ನಾನು — ನಾನು ತಲೆಯೆತ್ತದೆ ಎಲೆ ಹಂಚುತ್ತಿದ್ದೆ.

ಈ ಭಾನುವಾರ ತಾಂಬರಂನ ನಿಮ್ಮ ಮನೆಗೆ ಬರುತ್ತೇನೆ. ಅಕ್ಕನೂ ಇರಲಿ. ಮ್ಯಾನೇಜರ್‌ಗೆ ಯಾಕೆ ಹೇಳಿದೆ ಎಂದು ನೀವು ಕೇಳಿದರೆ, ಅವರು ಏನು ಮಾಡುತ್ತಾರೋ ನೋಡಬೇಕೆನಿಸಿತ್ತು ಎನ್ನುವುದು ಬಿಟ್ಟು ನನ್ನಲ್ಲಿ ಬೇರೆ ಉತ್ತರವಿಲ್ಲ. ಅದನ್ನು ನಿಮ್ಮ ಮುಖ ನೋಡಿಯೇ ಹೇಳುತ್ತೇನೆ. ನೀವು ಎದ್ದು ಒಳಗೆ ಹೋದರೆ ನಾನು ನಿಮ್ಮ ಹಿಂದೆ ಬರುವುದಿಲ್ಲ.