ನಮ್ಮ ರೋಮ್ ಕೇಳಿದ ಮನೆಯೊಡತಿ

ಅವರ ಎಡಗೈ ಹೆಬ್ಬೆರಳಿಗೆ ಯಾವಾಗಲೂ ಕೆಂಪು ಬಣ್ಣ ಮೆತ್ತಿರುತ್ತಿತ್ತು. ಹ್ಯಾನೋವರಿನಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ, ಪಾಪ ಕೈ ಕೊಯ್ದುಕೊಂಡಿದ್ದಾರೆ ಎಂದೇ ಗಾಬರಿಗೊಂಡಿದ್ದೆ. ಅದು ಮನೆತನಗಳ ಲಾಂಛನವಿರುವ ಗುರಾಣಿಯ ಚಿತ್ರಗಳಿಗೆ ಹಚ್ಚುವ ಬಣ್ಣ. ನಮ್ಮ ಮನೆಯೊಡತಿ ಇತಿಹಾಸ ಕಲಿಸಿ ನಿವೃತ್ತರಾದವರು. ಐದಾರು ನೂರು ವರ್ಷದ ಹಿಂದೆ ಇಂಗ್ಲೆಂಡಿನ ಜಮೀನ್ದಾರಿ ಮನೆತನಗಳಲ್ಲಿ ಯಾರು ಯಾರನ್ನು ಮದುವೆಯಾದರು ಎಂಬುದೇ ಅವರ ಜೀವಮಾನದ ಚಿಂತೆ. ಸೊಸೆ ಬಂದಳೆಂದರೆ ಗಂಡನ ಗುರಾಣಿಯನ್ನು ನಡುವೆ ಸೀಳಿ, ಅರ್ಧಕ್ಕೆ ಅವಳ ತವರಿನ ಲಾಂಛನ ಬರೆಯಬೇಕಂತೆ. ಜರ್ಮನಿಯ ಹೆಂಗಸಿಗೆ ಇಂಗ್ಲೆಂಡಿನವರ ಬೀಗತನದ ಉಸಾಬರಿ ಯಾಕೆ ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಸಂಜೆ ಆಫೀಸಿನಿಂದ ಬಂದರೆ ಚಹಾಕ್ಕೆ ಕರೆಯುತ್ತಿದ್ದರು. ಕುಂಚದ ಹಿಂದಿನ ತುದಿಯಿಂದಲೇ ಸಕ್ಕರೆ ಕಲಕುತ್ತಿದ್ದರು. ಒಮ್ಮೆ ನಮ್ಮ ವಂಶವೃಕ್ಷ ಬರೆಯಲು ಕೂತರು. ನನ್ನ ಅಮ್ಮ ತನ್ನ ಸೋದರಮಾವನನ್ನೇ ಮದುವೆಯಾದವಳು ಎಂದೆ. ಕುಂಚ ನಿಂತಿತು.

"ಅಂದರೆ ನಿನ್ನ ಅಜ್ಜಿಯೇ ನಿನ್ನ ಅಪ್ಪನ ಅಕ್ಕ?"

ಹೌದು ಎಂದೆ. ತಾವೇ ತಪ್ಪು ಗೆರೆ ಎಳೆದಿರಬೇಕೆಂದು ಹಾಳೆ ಹರಿದು ಮತ್ತೆ ಬರೆದರು. ಗೆರೆ ಸುತ್ತಿ ಬಂದು ಮತ್ತೆ ಅಲ್ಲಿಗೇ ಕೂಡಿತು.

ಆ ದಿನಗಳಲ್ಲೇ ನನ್ನ ಮದುವೆಯ ಮಾತು ಕೆಟ್ಟು ನಿಂತಿತ್ತು. ಹುಡುಗ ರಾಯಚೂರಿನವನು, ಡ್ಯೂಸೆಲ್ಡಾರ್ಫಿನಲ್ಲಿ ಕೆಲಸ. ಎರಡೂ ಮನೆಗಳಿಗೆ ರಕ್ತಸಂಬಂಧವೇನೂ ಇಲ್ಲ, ಆದರೆ ಗೋತ್ರ ಒಂದೇ. ಧಾರವಾಡದಿಂದ ಅಪ್ಪ ಫೋನಿನಲ್ಲಿ ಹೇಳಿಬಿಟ್ಟಿದ್ದರು: "ಸಗೋತ್ರ ಅಂದ್ರ ಅಣ್ಣ-ತಂಗಿ ಇದ್ದಂಗ. ನನ್ನ ಕೈಲೆ ಆಗೂದಿಲ್ಲ." ಹುಡುಗ ರೇಗುತ್ತಿದ್ದ: "ರಿಜಿಸ್ಟರ್ ಮಾಡ್ಲಿಕ್ಕೆ ಇಲ್ಲೇ ಶ್ಟಾಂಡೆಸಾಮ್ಟ್ ಆಫೀಸ್ ಅದ ಅಲ್ಲ, ಹೋಗಿ ಸೈನ್ ಮಾಡಿದ್ರ ಮುಗೀತು!" ಅಪ್ಪನಿಲ್ಲದ ಮದುವೆ ನನಗೆ ಬೇಡವಾಗಿತ್ತು. ಅವನನ್ನು ಬಿಟ್ಟು ಬೇರೆಯವನೂ ಬೇಡವಾಗಿತ್ತು.

ಮನೆಯೊಡತಿ ನಕ್ಕು ನನ್ನ ಪರ ನಿಲ್ಲುತ್ತಾರೆ ಎಂದುಕೊಂಡು ಎಲ್ಲ ಹೇಳಿಕೊಂಡೆ. ಅವರು ನಗಲಿಲ್ಲ. "ನಿನ್ನ ಅಪ್ಪನ ಮಾತಿನಲ್ಲಿ ಅರ್ಥವಿದೆ" ಅಂದುಬಿಟ್ಟರು! ನನಗೆ ಸಿಟ್ಟೇ ಬಂತು. ಅವರ ಇಂಗ್ಲೆಂಡಿನಲ್ಲೂ ಹೀಗೇ ಇತ್ತಂತೆ. ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿಕೊಂಡು ಧರ್ಮಪಿತನಾದವನ ಮಗಳು, ಆ ಮಗುವಿಗೆ ತಂಗಿಯೇ ಆಗಿಬಿಡುತ್ತಿದ್ದಳು. ರಕ್ತ ಒಂದು ಹನಿ ಸೇರದಿದ್ದರೂ ಅವರಿಬ್ಬರ ಮದುವೆ ನಿಷಿದ್ಧ.

"ಅಂಥವರು ರೋಮಿಗೆ ಹೇಳಿಕಳಿಸಿ ಪೋಪರ ಅಪ್ಪಣೆ ಬೇಡುತ್ತಿದ್ದರು. ನಿಮ್ಮ ರೋಮ್ ಎಲ್ಲಿದೆ? ನಿನ್ನ ಅಪ್ಪನನ್ನೇ ಕೇಳೋಣ."

ಭಾನುವಾರ ವಿಡಿಯೊ ಕಾಲಿನಲ್ಲಿ ಅಪ್ಪನಿಗೆ ಕೈಮುಗಿದು, ನಿಮ್ಮಲ್ಲಿ ಇಂಥದ್ದಕ್ಕೆ ದಾರಿಯೇ ಇಲ್ಲವೇ ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು.

"ನಮ್ಮಲ್ಲೂ ದಾರಿ ಅದ ಅಂತ ಹೇಳು ಅವರಿಗೆ. ನಿನ್ನ ನಿಮ್ಮ ಮಾಮಾಗ ದತ್ತಕ ಕೊಡಬೇಕು. ಅವನ ಗೋತ್ರದಾಕಿ ಆಗ್ತಿ, ಅವನೇ ಧಾರಿ ಎರೀತಾನ." ಆಮೇಲೆ ಮೆಲ್ಲಗೆ, "ಶಾಸ್ತ್ರದ ಪ್ರಕಾರ ಆವಾಗ ನೀ ನನ್ನ ಮಗಳಲ್ಲ" ಎಂದರು.

ಹಾಗೇ ಆಯಿತು. ಅಮ್ಮನ ತಮ್ಮ, ನನ್ನ ಮಾಮಾ, ಧಾರೆ ಎರೆದ. ಅಪ್ಪ ಮದುವೆಗೆ ಬಂದವರ ನಡುವೆ ಕುರ್ಚಿಯ ಮೇಲೆ ಕೂತು ನೋಡಿದರು. ಬಯಸಿದ್ದು ಸಿಕ್ಕಿತೋ, ಇದ್ದದ್ದು ಹೋಯಿತೋ ನನಗೆ ಅರ್ಥವಾಗಲಿಲ್ಲ. ಹ್ಯಾನೋವರಿಗೆ ಮರಳಿದವಳು ಮನೆಯೊಡತಿಯ ಮುಂದೆ ಅತ್ತುಬಿಟ್ಟೆ. ನೀವು ಕೇಳದಿದ್ದರೇ ಚೆನ್ನಾಗಿತ್ತು ಎಂದೂ ಅಂದೆ.

"ಇರಬಹುದು" ಎಂದರು. "ನಾನು ಬರೀ ಸತ್ತವರ ಮದುವೆಗಳನ್ನು ಓದಿದವಳು. ಅವರು ಯಾರೂ ನನ್ನ ಮುಂದೆ ಅತ್ತಿರಲಿಲ್ಲ."

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅಷ್ಟೊಂದು ಮನೆತನಗಳ ಬೇರು ಬಲ್ಲವರಿಗೆ ತಮ್ಮವರೆಂದು ಯಾರೂ ಇರಲಿಲ್ಲ. ಮಣ್ಣು ಹಾಕಲು ನಾನು, ನನ್ನ ಗಂಡ, ಪಕ್ಕದ ಮನೆಯವರು ಅಷ್ಟೇ. ಅಪ್ಪನಿಗೆ ಫೋನ್ ಮಾಡಿ ತಿಳಿಸಿದೆ. ಮಹಾಲಯ ಅಮಾವಾಸ್ಯೆಯ ದಿನ ಅವರೇ ಫೋನ್ ಮಾಡಿದರು.

"ಹಿರಿಯರಿಗೆ ಎಳ್ಳು-ನೀರು ಬಿಡೂ ಮುಂದ ನಿಮ್ಮ ಮನಿ ಮಾಲಕರ ಹೆಸರೂ ತೊಗೊಂಡೆ."

"ಅವರದು ಯಾವ ಗೋತ್ರ ಅಂತ ಹೇಳಿದ್ರಿ ಅಪ್ಪಾ?"

"ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅನ್ನೂದು ಪದ್ಧತಿ. ನಮ್ಮ ಮನಿದೂ ಅದೇ ಅಲ್ಲ."

ಯಾವ ಗೋತ್ರದಿಂದ ನನ್ನನ್ನು ಕೊಟ್ಟುಬಿಟ್ಟಿದ್ದರೋ, ಯಾವುದಕ್ಕೆ ನಾನು ಸೊಸೆಯಾಗಿ ಮಾತ್ರ ಮರಳಿದ್ದೆನೋ, ಅದಕ್ಕೇ ಅಪ್ಪ ಅವರನ್ನು ಸೇರಿಸಿಕೊಂಡಿದ್ದರು. ಹೊಟ್ಟೆಕಿಚ್ಚೋ ಸಮಾಧಾನವೋ, ಫೋನ್ ಹಿಡಿದುಕೊಂಡೇ ಅತ್ತೆ.