ನೀರು ಸೇದುವ ಹೊತ್ತು

ನಮ್ಮ ಆಫೀಸಿನಲ್ಲಿ ನಾವು ನಾಲ್ಕು ಜನ ಕನ್ನಡಿಗರು ವಿಪರೀತ ನೀರು ಕುಡಿಯುತ್ತೇವೆಂದು ಹೆಸರಾಗಿತ್ತು. ಪುಣೆಯ ಹೊರಗೆ, ದೇಹೂ ರೋಡಿನ ಹತ್ತಿರದ ಒಂದು ಬಿಡಿಭಾಗಗಳ ಕಾರ್ಖಾನೆ. ಅದರ ರವಾನೆ ವಿಭಾಗದಲ್ಲಿ ನಾವು ಗುಮಾಸ್ತರು. ಹನ್ನೊಂದು ಹೊಡೆಯುವ ಹೊತ್ತಿಗೆ ನಮ್ಮಲ್ಲಿ ಹಿರಿಯರಾದ ವಿಜಾಪುರದವರು ಕುರ್ಚಿ ಹಿಂದೆ ಸರಿಸಿ, "ಬರ್ರಿ, ನೀರ್ ಸೇದೂಣು" ಎನ್ನುತ್ತಿದ್ದರು. ನಾವು ಮೂವರೂ ಎದ್ದು ಹೊರಡುತ್ತಿದ್ದೆವು. ಸಾಹೇಬರು ಅಪ್ಪಟ ಪುಣೇಕರರು, ಕನ್ನಡದಲ್ಲಿ ಅವರಿಗೆ ತಿಳಿಯುತ್ತಿದ್ದುದು 'ನೀರು' ಎಂಬ ಒಂದೇ ಪದ. ಬಾವಿಯ ನೀರನ್ನೂ ಸಿಗರೇಟಿನ ಹೊಗೆಯನ್ನೂ ನಾವು ಒಂದೇ ಕ್ರಿಯಾಪದದಲ್ಲಿ ಸೇದುತ್ತೇವೆಂದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು? ಆರೋಗ್ಯ ಕಾಪಾಡಿಕೊಳ್ಳುವುದೆಂದರೆ ಹೀಗೆ ಎಂದು ಉಳಿದ ಸಿಬ್ಬಂದಿಗೆ ನಮ್ಮನ್ನೇ ತೋರಿಸಿ ಉಪದೇಶ ಮಾಡುತ್ತಿದ್ದರು.

ಗೇಟಿನ ಹೊರಗೆ ಬೇವಿನ ಗಿಡದ ಕೆಳಗೊಂದು ಚಹಾದ ಗೂಡಂಗಡಿ, ಅಲ್ಲಿಯವರ ಬಾಯಲ್ಲಿ ಟಪರಿ. ಅಲ್ಲಿ ಸಿಗರೇಟು ಹೊತ್ತಿಸಿದ ಕೂಡಲೇ ನಮ್ಮ ಬಾಯಿ ಬಿಚ್ಚುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಸಾಹೇಬರೊಡನೆ ಮರಾಠಿ, ಲಾರಿ ಚಾಲಕರೊಡನೆ ಹಿಂದಿ. ನಡುವಿನ ಈ ಹತ್ತು ನಿಮಿಷ ಮಾತ್ರ ಕನ್ನಡ. ಊರಿನ ಸುದ್ದಿ, ಸಾಹೇಬರ ಅಣಕು, ಯಾರ ಮಗನಿಗೆ ಯಾರ ಮಗಳು, ಎಲ್ಲ ಅಲ್ಲೇ. ಹರಟೆಯಲ್ಲಿ ನನ್ನದೇ ಮೇಲುಗೈ ಎಂದು ಬೇರೆ ಹೇಳಬೇಕಿಲ್ಲ.

ಆಗಷ್ಟೇ ಪೇಟೆಯಲ್ಲಿ ಹತ್ತಾರು ಬಾಡಿಗೆ ಸಂಸಾರಗಳಿದ್ದ ಹಳೆಯ ವಾಡೆ ಬಿಟ್ಟು ಊರ ಹೊರಗಿನ ವಾಕಡದ ಹೊಸ ಫ್ಲ್ಯಾಟಿಗೆ ಬಂದಿದ್ದೆವು. ಹೆಂಡತಿಗೆ ಈಗ ಅಡುಗೆಮನೆಯಲ್ಲೇ ನಳ. ವಾಡೆಯಲ್ಲಿ ಎಲ್ಲರಿಗೂ ಸೇರಿ ಒಂದೇ ನಳ. ಕಲಬುರ್ಗಿ ಕಡೆಯ ನಾಲ್ಕಾರು ಹೆಂಗಸರೊಡನೆ ಕೊಡ ಹಿಡಿದು ಗಂಟೆಗಟ್ಟಲೆ ನಿಲ್ಲಬೇಕಿತ್ತು. ಆ ಕಷ್ಟದಿಂದ ಅವಳನ್ನು ಪಾರು ಮಾಡಿದೆನೆಂದು ನಾನು ಮೀಸೆಯ ಮೇಲೆ ಕೈ ಹಾಕಿಕೊಂಡು ತಿರುಗುತ್ತಿದ್ದೆ. ಅಕ್ಕಪಕ್ಕದವರು ಬೆಳಿಗ್ಗೆ ಬೀಗ ಹಾಕಿ ಹೋದರೆ ಕತ್ತಲಾದ ಮೇಲೆ ಬರುವ ಗಂಡ ಹೆಂಡಿರು. ಇಷ್ಟು ಶಾಂತವಾದ ಮನೆ ಯಾರಿಗೆ ಸಿಗುತ್ತದೆ ಹೇಳಿ.

ಒಂದು ದಿನ ಮೇಜಿನ ಮುಂದೆ ಕೂತಲ್ಲೇ ಎದೆ ಡವಡವ ಹೊಡೆದುಕೊಂಡು ಮೈಯೆಲ್ಲ ಬೆವರಿತು. ಸತ್ತೆ ಎಂದುಕೊಂಡೆ. ಡಾಕ್ಟರು ನೋಡಿ, ಹೃದಯ ಗಟ್ಟಿಯಾಗಿದೆ, ಇದು ಮನಸ್ಸಿನ ಗಾಬರಿ, ಮೊದಲು ಸಿಗರೇಟು ಬಿಡಿ ಎಂದರು. ಮನಸ್ಸಿನ ತೊಂದರೆ ಕೇಳಲು ವಾರಕ್ಕೊಮ್ಮೆ ಕಾರ್ಖಾನೆಗೆ ಬರುತ್ತಿದ್ದ ಸಲಹೆಗಾರ್ತಿಯ ಬಳಿಗೆ ನನ್ನನ್ನು ದಬ್ಬಿದರು. ನನಗೆ ಮಗಳಾಗಬಹುದಾದ ವಯಸ್ಸಿನ ಹುಡುಗಿ.

"ಟೆನ್ಷನ್ ಇಳಿಸಿಕೊಳ್ಳಲೆಂದೇ ಸೇದುತ್ತೇನೆ ಮೇಡಂ, ಅದನ್ನೂ ಬಿಟ್ಟರೆ ಹುಚ್ಚನಾಗುತ್ತೇನೆ" ಎಂದು ಮರಾಠಿಯಲ್ಲಿ ವಾದ ಹೂಡಿದೆ. ಅವಳು ಕಣ್ಣೂ ಪಿಳುಕಿಸದೆ, ಹೊಗೆಯ ಅಮಲು ಇಳಿದಾಗ ಮೈ ಚಡಪಡಿಸುತ್ತದೆ, ಅದನ್ನೇ ನೀವು ಟೆನ್ಷನ್ ಅನ್ನುತ್ತೀರಿ, ಇನ್ನೊಂದು ಸೇದಿದಾಗ ಅಡಗುವುದು ಆ ಚಡಪಡಿಕೆ ಮಾತ್ರ ಎಂದಳು. ಅಂದರೆ ಇಷ್ಟು ವರ್ಷ ನಾನು ಬೆಂಕಿ ಹಚ್ಚಿದವನನ್ನೇ ಕರೆದು ಆರಿಸಿದ್ದಕ್ಕೆ ಹಾರ ಹಾಕುತ್ತಿದ್ದೆ. ಆಸೆ ಬಂದಾಗ ಸ್ವಲ್ಪ ತಡೆಯಿರಿ, ನಿಧಾನವಾಗಿ ಉಸಿರಾಡಿ, ಬಾಯಿಗೆ ನಾಲ್ಕು ಕಾಳು ಬಡೇಸೋಪು ಹಾಕಿಕೊಳ್ಳಿ, ಸೇದುವವರ ಗುಂಪಿನಿಂದ ಕೆಲವು ದಿನ ದೂರ ಇರಿ ಎಂದು ಹೇಳಿಕೊಟ್ಟಳು.

ಬಿಟ್ಟೆ. ಮೊದಲ ವಾರ ಫೈಲುಗಳ ಮೇಲೂ ಸಿಟ್ಟು ಬಂತು. ಆಮೇಲೆ, ಹೇಳಿದರೆ ನಂಬಬೇಕು, ನಿದ್ದೆ ಹತ್ತತೊಡಗಿತು, ಎದೆಯ ಡವಡವ ಕಡಿಮೆಯಾಯಿತು. ಹುಡುಗಿಯ ಮಾತು ನಿಜವಾದದ್ದಕ್ಕೆ ಸ್ವಲ್ಪ ಬೇಜಾರೂ ಆಯಿತು. ಆದರೆ ಹನ್ನೊಂದು ಗಂಟೆಯಾದರೆ ಮಾತ್ರ ಮನಸ್ಸು ಕುಸಿದು ಕೂರುತ್ತಿತ್ತು. ಗೆಳೆಯರು ಈಗ ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು.

"ನಿಮ್ಮ ಒಳ್ಳೇದಕ್ಕಽ ಕರಿಯಂಗಿಲ್ರಿ" ಎಂದು ವಿಜಾಪುರದವರು ಹೇಳಿದರು. ಒಂದು ದಿನ ನಾನೇ ಬರಿಗೈಯಲ್ಲಿ ಟಪರಿಗೆ ಹೋದೆ. ಮೂವರೂ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿ, ಸಾವಿನ ಮನೆಗೆ ಬಂದವರಂತೆ ನೆಲ ನೋಡುತ್ತ ನಿಂತರು. ಚಹಾ ಕೂಡ ಕುಡಿಯದೆ ತಿರುಗಿ ಬಂದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, ಯಾಕೆ ನೀರು ಕಡಿಮೆ ಮಾಡಿದಿರಿ, ಕಿಡ್ನಿಗೆ ಒಳ್ಳೆಯದಲ್ಲ ಎಂದರು.

ಸಲಹೆಗಾರ್ತಿಗೆ ಇದನ್ನೆಲ್ಲ ಹೇಳಿದೆ. ನಿಮಗೆ ಬೇಕಾಗಿರುವುದು ಹೊಗೆಯಲ್ಲ, ನಿಮ್ಮ ಭಾಷೆಯ ಮಾತು ಎಂದಳು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲವೇ ಎಂದು ಕೇಳಿದಳು. "ಇದ್ದಾಳಲ್ಲ, ಹೆಂಡತಿ" ಎಂದೆ.

ಆ ಸಂಜೆ ಮನೆಗೆ ಬಂದು ಎಂದಿನಂತೆ ಟಿವಿ ಹಚ್ಚಿ ಕೂತೆ. ಹೆಂಡತಿ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಕನಿಕರ ಗಿಟ್ಟಿಸಿಕೊಳ್ಳೋಣವೆಂದು, "ದಿನದಾಗ ಹತ್ತು ನಿಮಿಷ ಕನ್ನಡ ಇತ್ತು, ಈಗ ಅದೂ ಹೋತು ನೋಡು" ಎಂದೆ.

ಅವಳು ತಲೆ ಎತ್ತಲಿಲ್ಲ. "ಹತ್ತು ನಿಮಿಷರೆ ಇತ್ತಲ್ರಿ ನಿಮಗ" ಎಂದಳು. ಸೊಪ್ಪಿನ ದಂಟು ಮುರಿಯುತ್ತ, "ವಾಡೇದಾಗ ನಳದ ಮುಂದ ನಾಕ್ ಮಂದಿ ಇದ್ರು. ಇಲ್ಲಿ ಬಂದ ಮ್ಯಾಲೆ ಬೆಳಗಿಂದ ಬಾಯಿ ಮುಚ್ಚಿಕೊಂಡು ನಿಮ್ಮ ದಾರಿ ಕಾಯ್ತೀನಿ. ನೀವು ಬರ್ತೀರಿ, ಟಿವಿ ಹಚ್ಚತೀರಿ. ನಾ ಏನ್ ಸೇದಲಿ, ಹೇಳ್ರಿ?" ಎಂದಳು.

ಟಪರಿಯಲ್ಲಿ ಮೂವರ ಬಾಯಿ ಮುಚ್ಚಿಸುತ್ತಿದ್ದ ನಾನು ಬಾಯಲ್ಲಿದ್ದ ಬಡೇಸೋಪು ನುಂಗಿಕೊಂಡೆ. ಟಿವಿ ಆರಿಸಿ, ಅವಳೆದುರು ಕೂತು ಅರ್ಧ ಮೆಂತ್ಯ ನನ್ನ ಕಡೆ ಎಳೆದುಕೊಂಡೆ. "ಇವತ್ತ ಏನೇನಾತು?" ಎಂದು ಕೇಳಿದೆ.

"ಏನಾಗ್ತದ ಇಲ್ಲಿ, ಮಣ್ಣು" ಎಂದಳು. ಆಮೇಲೆ ಹೇಳತೊಡಗಿದಳು. ಲಿಫ್ಟು, ಹಾಲಿನವನು, ಎದುರು ಮನೆಯ ಬೀಗದ ಮೇಲೆ ಕೂರುವ ಹಲ್ಲಿ. ಕುಕ್ಕರ್ ಕೂಗಿದರೂ ಅವಳು ಎದ್ದು ಹೋಗಲಿಲ್ಲ. ನಡುವೆ ನನಗೆ ಸಿಗರೇಟಿನ ನೆನಪು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆ ನೆನಪಿಗೂ ನಡುವೆ ಬಾಯಿ ಹಾಕಲು ಅವಳು ಸಂದು ಕೊಡಲಿಲ್ಲ.