ಬ್ಯಾಡಗಿಯನ್ನು ಬಿಟ್ಟ ರೈಲು

ಶ್ರಾವಣ ಹಿಡಿಯುವುದಕ್ಕೆ ಇನ್ನೂ ಕೆಲವು ದಿನ ಇರುವಾಗ ನಮ್ಮ ಭಾಗಕ್ಕೆ ಲಘು ರೈಲು ಬಂತು. ಬಂದದ್ದು ಹಳಿಯ ಮೇಲಲ್ಲ, ಮೊಬೈಲಿನೊಳಗೆ, ಒಂದು ನಕ್ಷೆಯಾಗಿ. ಯಾರು ಬರೆದರೋ, ಮೊದಲು ಯಾರು ಕಳಿಸಿದರೋ ಯಾರಿಗೂ ಗೊತ್ತಿಲ್ಲ. ಹಾವೇರಿಯಿಂದ ಹೊರಟು, ಬ್ಯಾಡಗಿಯ ನಡುವೆ ಹಾದು, ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ ಮುಗಿಯುವ ಒಂದು ಕೆಂಪು ಗೆರೆ. ಗೆರೆಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕಿ. ದೊಡ್ಡ ಶಹರಗಳಲ್ಲಿ ಎರಡು ಮೂರು ಡಬ್ಬಿ ಕಟ್ಟಿಕೊಂಡು ರಸ್ತೆಯ ಮಗ್ಗುಲಲ್ಲೇ ಓಡುತ್ತದಂತಲ್ಲ, ಅಂಥ ರೈಲು. ನಮಗೆ ದೊಡ್ಡ ರೈಲು ಮೊದಲಿನಿಂದಲೂ ಇದೆ. ಆದರೆ ಅದು ಬೆಂಗಳೂರನ್ನೋ ಹುಬ್ಬಳ್ಳಿಯನ್ನೋ ಧ್ಯಾನಿಸುತ್ತ ಹೋಗುವ ರೈಲು. ನಮ್ಮೂರುಗಳಲ್ಲಿ ನಿಲ್ಲುವಾಗಲೂ ಅದರ ಮನಸ್ಸು ಇಲ್ಲಿರುವುದಿಲ್ಲ. ಇದು ಹಾಗಲ್ಲ, ನಮ್ಮದೇ ರೈಲು ಎಂದು ಚಾ ಅಂಗಡಿಯವರೆಲ್ಲ ಒಪ್ಪಿದರು. ಸರಕಾರ ಮಾಡುತ್ತದೆ ಎಂದು ಕೆಲವರು, ಪ್ಲಾಟು ಮಾರುವವರು ಯಾರೋ ಬರೆಸಿದ್ದು ಎಂದು ಕೆಲವರು. ನಾನು ಎರಡನ್ನೂ ನಂಬಲಿಲ್ಲ. ಆದರೆ ನಂಬದೇ ಇರುವ ವಸ್ತುವಿನ ಬಗ್ಗೆ ಹೊಟ್ಟೆಕಿಚ್ಚು ಪಡಬಾರದೆಂದು ಎಲ್ಲಿಯೂ ಕಾಯಿದೆ ಇಲ್ಲ.

ನನ್ನ ಹೊಟ್ಟೆಕಿಚ್ಚಿಗೆ ಕಾರಣ ಆ ಗೆರೆಯಲ್ಲ, ಒಂದು ಚುಕ್ಕಿ. ಅದು ಬ್ಯಾಡಗಿಯಲ್ಲಿ ನನ್ನ ಬೀಗರ ಮನೆಯ ಎದುರಿಗೇ ಬಂದು ಕೂತಿತ್ತು.

ಬೀಗರೆಂದರೆ ನನ್ನ ಒಬ್ಬಳೇ ಮಗಳ ಮಾವ. ಮೆಣಸಿನಕಾಯಿ ದಲಾಲಿ ಅಂಗಡಿಯ ಯಜಮಾನರು. ಅವರ ಮನೆಗೆ ಹೋದವರು ಮೊದಲು ಸೀನುತ್ತಾರೆ, ಆಮೇಲೆ ನಮಸ್ಕಾರ ಮಾಡುತ್ತಾರೆ. ಒಳ್ಳೆಯ ಮನುಷ್ಯ. ಅವರಲ್ಲಿ ಹುಡುಕಿದರೂ ಒಂದು ದೋಷ ಸಿಗಲಿಲ್ಲ ಎನ್ನುವುದೇ ನನ್ನ ದೊಡ್ಡ ತಕರಾರು. ನನ್ನ ಮಗಳು ಅವರನ್ನು 'ಅಪ್ಪಾಜಿ' ಎನ್ನುತ್ತಾಳೆ. ಹೆತ್ತವನಾದ ನಾನು ಇವತ್ತಿಗೂ ಬರೀ 'ಅಪ್ಪಾ'. ಆ 'ಜಿ' ಯಾವ ಸಾಧನೆಗಾಗಿ ಕೊಟ್ಟಳೋ ನಾನು ಕೇಳಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯ ಇಲ್ಲ.

ನಕ್ಷೆ ಬಂದ ದಿನವೇ ಬೀಗರು ಫೋನ್ ಮಾಡಿದರು. ಆರೋಗ್ಯ ಕೇಳಿದರು, ಮಳೆ ಕೇಳಿದರು, ಆಮೇಲೆ ಅಸಲು ಮಾತಿಗೆ ಬಂದರು.

"ಬೀಗರ, ನಕ್ಷಾ ನೋಡಿದ್ರೇನ್ರಿ? ನಮ್ಮ ಕಟ್ಟಿ ಇಳದರ ಟೇಶನ್ ನೋಡ್ರಿ. ನಿಮ್ಮ ಮನಿ ಕಡೆ ಹಾಯ್ದಿಲ್ಲ ಬಿಡ್ರಿ, ಏನ್ ಮಾಡೂದು."

ಆ 'ಬಿಡ್ರಿ'ಯಲ್ಲಿ ಎಷ್ಟು ಕರುಣೆ ಇತ್ತೆಂದರೆ ನನಗೆ ರಾತ್ರಿಯ ಊಟ ಸೇರಲಿಲ್ಲ. ಆದರೂ ಅಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮರುದಿನ ಮತ್ತೆ ಫೋನ್ ಬಂತು. ಈ ಸಲ ಅವರು ರೈಲನ್ನು ನನ್ನ ನಾಗರಪಂಚಮಿಯ ಮೇಲೆ ಹಾಯಿಸಿದರು. ಇನ್ನು ಮುಂದೆ ನಾನು ಬಸ್ಸಿನಲ್ಲಿ ಒದ್ದಾಡುತ್ತ ಮಗಳನ್ನು ಕರೆಯಲು ಬರುವ ತ್ರಾಸು ಇಲ್ಲವಂತೆ. ಆಕೆಯೇ ಮುಂಜಾನೆ ರೈಲು ಹತ್ತಿ, ನಮ್ಮಲ್ಲಿ ನಾಗಪ್ಪನಿಗೆ ಹಾಲೆರೆದು, ಊಟ ಮುಗಿಸಿ, ಸಂಜೆಯ ಚಾ ಹೊತ್ತಿಗೆ ಅವರ ಮನೆಯಲ್ಲಿ ಇರುತ್ತಾಳಂತೆ.

ನಮ್ಮ ಕಡೆಯ ಪದ್ಧತಿ ಗೊತ್ತಿದ್ದವರಿಗೆ ಇದು ಎಂಥ ಮಾತು ಎಂದು ತಿಳಿದೀತು. ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಬರುವುದಿಲ್ಲ. ತವರಿನವರು ಹೋಗಿ ಕರೆಯಬೇಕು. ಅಣ್ಣತಮ್ಮಂದಿರಿದ್ದರೆ ಅವರು ಹೋಗುತ್ತಾರೆ. ನನ್ನ ಮಗಳಿಗೆ ಅವರಿಲ್ಲ, ಆದ್ದರಿಂದ ಈ ಅಧಿಕಾರ ನನ್ನದು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನಗೆ ಉಳಿದಿರುವ ಹುದ್ದೆ ಇದೊಂದೇ, ಅದೂ ವರ್ಷಕ್ಕೊಮ್ಮೆ. ಕರೆತಂದ ಮೇಲೆ ಮಗಳು ನಾಕಾರು ದಿನ ಇರುತ್ತಾಳೆ. ಪಡಸಾಲೆಯ ತೊಲೆಗೆ ಜೋಕಾಲಿ ಬೀಳುತ್ತದೆ. ಹೊತ್ತೇರುವತನಕ ಮಲಗುತ್ತಾಳೆ, ಅವ್ವನ ಜೊತೆ ಜಗಳಾಡುತ್ತಾಳೆ, ನಾನು ಪೇಪರ್ ಓದುತ್ತಿದ್ದರೆ ಹಿಂದಿನ ಪುಟ ಕಿತ್ತುಕೊಂಡು ಹೋಗುತ್ತಾಳೆ. ಹೋದ ವರ್ಷ ಅಂಗಡಿಯ ಪೂಜೆ, ನೆಂಟರು, ಅದೂ ಇದೂ ಎಂದು ಒಂದೇ ರಾತ್ರಿ ಇದ್ದು ಹೋಗಿದ್ದಳು. ಈ ವರ್ಷ ಆ ಒಂದು ರಾತ್ರಿಯನ್ನೂ ಬೀಗರು ಲಘು ರೈಲಿಗೆ ಹಾಕಿ ಸಾಗಿಸುವ ಹವಣಿಕೆಯಲ್ಲಿದ್ದರು. ಹಳಿ ಬೀಳದ ರೈಲಿಗೆ ಯಾರೂ ಹತ್ತಲಾರರು, ನಿಜ. ಆದರೆ ಮನುಷ್ಯನ ಬುದ್ಧಿ ಎತ್ತ ಓಡುತ್ತಿದೆ ಎಂದು ತಿಳಿಯಲಿಕ್ಕೆ ಹಳಿ ಬೇಕಾಗಿಲ್ಲ.

ನಾನು ಗೆರೆ ಎಳೆಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದವನು. ಮೆಣಸಿನಕಾಯಿ ಹಿಡಿದು ನೋಡುವವರು ನನಗೆ ನಕ್ಷೆ ತೋರಿಸುವುದೆಂದರೇನು? ದೊಡ್ಡ ಹಾಳೆ ತರಿಸಿದೆ, ಪೆನ್ಸಿಲು ಹೆರೆದೆ, ಜ್ಯಾಮಿತಿ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ.

ಹಾಳೆಗೆ ಕೈ ಹಚ್ಚುವ ಮುನ್ನ ಸ್ಥಳ ಪರಿಶೀಲನೆ ಆಗಬೇಕು ಎನ್ನುವುದು ನನ್ನ ಶಿಸ್ತು. ಒಂದು ಮುಂಜಾನೆ ನಮ್ಮ ರಾಣೆಬೆನ್ನೂರಿನಿಂದ ಹಾವೇರಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಹೆದ್ದಾರಿಯನ್ನು ಉದ್ದಕ್ಕೂ ನೋಡಿದೆ. ಹಾವೇರಿಯಲ್ಲಿ ಇಳಿದು ಒಂದು ಚಾ ಕುಡಿದು ಅದೇ ಬಸ್ಸಿಗೆ ತಿರುಗಿ ಹತ್ತಿದೆ. ಕಂಡಕ್ಟರ್ ಹಾವೇರಿಯಲ್ಲಿ ಏನು ಕೆಲಸವಿತ್ತೆಂದು ಕೇಳಿದ. ಚಾ ಕುಡಿಯುವುದಿತ್ತು ಎಂದೆ. ರಾಣೆಬೆನ್ನೂರಿನಲ್ಲಿ ಚಾ ಸಿಗುವುದಿಲ್ಲವೇ ಎಂದು ಅವನು ಕೇಳಲಿಲ್ಲ, ಮುಖ ಮಾತ್ರ ಕೇಳಿತು.

ಪರಿಶೀಲನೆಯಿಂದ ಸಿದ್ಧವಾದ ಸತ್ಯ ಇಷ್ಟು: ಹೆದ್ದಾರಿ ನೆಟ್ಟಗಿದೆ, ಬ್ಯಾಡಗಿ ಅದರಿಂದ ಸರಿದು ಒಳಗೆ ಕೂತಿದೆ. ಒಂದು ಊರು ಒಳಗೆ ಕೂತಿದ್ದಕ್ಕೆ ರೈಲು ಯಾಕೆ ಡೊಂಕಾಗಬೇಕು? ನನ್ನ ರೈಲು ಹಾವೇರಿಯಿಂದ ಹೊರಟು, ಮೋಟೆಬೆನ್ನೂರಿನಲ್ಲಿ ಒಂದು ಗಳಿಗೆ ನಿಂತು, ನೆಟ್ಟಗೆ ರಾಣೆಬೆನ್ನೂರಿಗೆ ಬಂತು. ಬಸ್ ನಿಲ್ದಾಣದಲ್ಲಿ ನಿಂತುಬಿಡದೆ ಊರು ದಾಟಿ ಹಲಗೇರಿ ರಸ್ತೆ ಹಿಡಿಯಿತು. ನನ್ನ ಮನೆ ಆ ರಸ್ತೆಗೆ ಇದೆ ಎನ್ನುವುದು ಕಾಕತಾಳೀಯ. ನನ್ನ ಮನೆಯ ಮುಂದೆ ಹಾಯ್ದ ರೈಲು ಮುಂದೆ ಎಲ್ಲಿಗಾದರೂ ಹೋಗಲೇಬೇಕಲ್ಲ, ಅದಕ್ಕೆ ಹಲಗೇರಿ, ಕುಪ್ಪೇಲೂರು ಎಂದು ಎರಡು ಚುಕ್ಕಿ ಇಟ್ಟೆ. ಚುಕ್ಕಿಗಳಿಗೆ ಕಪ್ಪು ಶಾಯಿ ತುಂಬಿದೆ. ಕೆಳಗೆ ದಿಕ್ಕು ತೋರಿಸುವ ಬಾಣ ಬರೆದೆ. ನೋಡಿದರೆ ಮಂತ್ರಿಮಂಡಲ ಎದ್ದು ನಿಲ್ಲಬೇಕು, ಹಾಗಿತ್ತು.

ನಮ್ಮ ಮನೆಯಾಕೆ ಶೇಂಗಾ ಹುರಿಯುತ್ತಿದ್ದವಳು ಬಂದು ನೋಡಿದಳು. "ಕುಪ್ಪೇಲೂರಿಗೆ ರೈಲಿನ್ಯಾಗ ಯಾರು ಹೊಂಟಾರ್ರಿ? ಬಸ್ಸಿನ್ಯಾಗ ನೀವ ಒಮ್ಮಿ ಹೋಗಿಲ್ಲ" ಎಂದಳು. ಆಡಳಿತದಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವ ರೂಢಿ ಇಲ್ಲ. ನಾನೂ ಕೊಡಲಿಲ್ಲ.

ಪಂಚಮಿಯ ಹಿಂದಿನ ದಿನ ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ಡಬ್ಬಿ ಒಂದು ಕೈಯಲ್ಲಿ, ಸುರುಳಿ ಸುತ್ತಿದ ನಕ್ಷೆ ಇನ್ನೊಂದು ಕೈಯಲ್ಲಿ ಹಿಡಿದು ಬ್ಯಾಡಗಿಯಲ್ಲಿ ಇಳಿದೆ. ಬೀಗರ ಮನೆಯ ಕಟ್ಟೆ ಹತ್ತಿ ಮೊದಲು ಸೀನಿದೆ. ಬೀಗರು ಎದ್ದು ಬಂದು ಕೈ ಹಿಡಿದು ಒಳಗೆ ಕರೆದೊಯ್ದರು. ದಾರಿಯಲ್ಲೇ ತಿರುಗಿ ನಿಂತು, ಎದುರಿನ ರಸ್ತೆಯಲ್ಲಿ ಒಂದು ಎಮ್ಮೆ ಮಲಗಿದ್ದ ಜಾಗ ತೋರಿಸಿ, ಪ್ಲಾಟ್‌ಫಾರ್ಮು ಅಲ್ಲಿ ಬರುತ್ತದೆ ಎಂದರು. ಎಮ್ಮೆ ಮುಂಚಿತವಾಗಿಯೇ ಜಾಗ ಹಿಡಿದಂತೆ ಇತ್ತು.

ಮಗಳು ಚಾ ತಂದಳು. ಬೀಗರ ಲೋಟಕ್ಕೆ ಶುಂಠಿ ಹೆಚ್ಚು, ಸಕ್ಕರೆ ಇಲ್ಲ. ಅವರು ಏನೂ ಹೇಳಲಿಲ್ಲ, ಆಕೆ ಏನೂ ಕೇಳಲಿಲ್ಲ. ನನ್ನ ಚಾಕ್ಕೆ ಎರಡು ಚಮಚ ಸಕ್ಕರೆ ಬಿದ್ದಿತ್ತು. ನಾನು ಸಕ್ಕರೆ ಬಿಟ್ಟ ಸುದ್ದಿಯನ್ನು ಆಕೆಗೆ ಫೋನಿನಲ್ಲಿ ಬಹಳ ಸಲ ಹೇಳಿದ್ದೆ. ಸುಮ್ಮನೆ ಕುಡಿದೆ. ಆ ಸಿಹಿ ಗಂಟಲಿನಿಂದ ಇಳಿಯುವಾಗ ಬ್ಯಾಡಗಿಯ ಖಾರವೆಲ್ಲ ಏನೂ ಅಲ್ಲ ಅನಿಸಿತು.

ಕುಡಿದು ಮುಗಿದ ಮೇಲೆ ಗಂಭೀರವಾಗಿ ಸುರುಳಿ ಬಿಚ್ಚಿದೆ. ಒಂದು ತುದಿಗೆ ಉಂಡಿ ಡಬ್ಬಿ, ಇನ್ನೊಂದು ತುದಿಗೆ ತಾಂಬೂಲದ ತಟ್ಟೆ ಇಟ್ಟೆವು. ಬೀಗರು ಚಾಳೀಸು ಮೂಗಿಗೇರಿಸಿಕೊಂಡು ಬಗ್ಗಿದರು. ಹಾವೇರಿಯಿಂದ ಬೆರಳು ಹಿಡಿದು ನಿಧಾನ ಬಂದರು. ಕುಪ್ಪೇಲೂರು ಮುಟ್ಟಿದ ಮೇಲೆ ಬೆರಳನ್ನು ತಿರುಗಿ ಹಾವೇರಿಗೆ ಒಯ್ದು ಮತ್ತೊಮ್ಮೆ ಹೊರಟರು. ಎರಡನೇ ಸಲವೂ ಅವರ ಊರು ಸಿಗಲಿಲ್ಲ.

"ಬ್ಯಾಡಗಿ ಎಲ್ಲೈತ್ರಿ, ಬೀಗರ?"

ಹೆದ್ದಾರಿಯ ನೇರ, ಡೊಂಕಿನಿಂದಾಗುವ ಕಾಲಹರಣ, ಪ್ರಯಾಣಿಕರ ಹಿತ, ಎಲ್ಲವನ್ನೂ ವಿವರಿಸಿದೆ. ಬ್ಯಾಡಗಿಯ ಮಂದಿಗೆ ಅನ್ಯಾಯವಾಗದಂತೆ ಮೋಟೆಬೆನ್ನೂರಿನಿಂದ ಆಟೋ ಸಿಗುವ ವ್ಯವಸ್ಥೆಯನ್ನೂ ಉದಾರವಾಗಿ ಸೂಚಿಸಿದೆ. ಬೀಗರು ಚಾಳೀಸು ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಅವರ ಊರಿನ ಮೆಣಸಿನಕಾಯಿಗೆ ಇರುವಷ್ಟೇ ಬಣ್ಣ ಅವರ ಕಿವಿಗಳಿಗೂ ಬಂದಿತ್ತು. ನನಗೆ ಎಷ್ಟೋ ದಿನದ ಮೇಲೆ ಒಂದು ತಂಪು ಉಸಿರು ಬಂತು.

ಲೋಟ ಎತ್ತಿಕೊಳ್ಳಲು ಬಂದ ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ನಕ್ಷೆ ನೋಡಿದಳು. ಸಣ್ಣವಳಿದ್ದಾಗ ನನ್ನ ಚಿತ್ರಗಳನ್ನು ಹೀಗೇ ನೋಡುತ್ತಿದ್ದಳು. ಹೊಗಳುತ್ತಾಳೆ ಎಂದು ಕಾದೆ.

"ಅಪ್ಪಾ, ಹಂಗಾರ ನಾ ಎಲ್ಲಿ ಹತ್ತಲಿ?"

ನನಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ.

"ನಾ ಬ್ಯಾಡಗ್ಯಾಗ ಇದ್ದೇನಿ ಅಪ್ಪಾ. ನಿನ್ನ ರೈಲಿನ್ಯಾಗ ಕುಪ್ಪೇಲೂರವರೆಲ್ಲಾ ನಮ್ಮ ಮನಿಗೆ ಬರ್ತಾರ, ನಾ ಒಬ್ಬಾಕಿ ಬರಾಂಗಿಲ್ಲ."

ನಾನು ಹಾಳೆ ನೋಡಿದೆ. ಗೆರೆ ಎಷ್ಟು ನೆಟ್ಟಗಿತ್ತೆಂದರೆ ಆಕೆಯ ಮನೆಯ ಕಡೆ ಒಂದು ಕೂದಲಷ್ಟೂ ಬಾಗಿರಲಿಲ್ಲ. ಬೀಗರನ್ನು ಇಳಿಸುವ ಭರದಲ್ಲಿ ನಾನು ಮಗಳನ್ನೇ ರೈಲಿನಿಂದ ಇಳಿಸಿದ್ದೆ. ಕುಪ್ಪೇಲೂರಿನ ಯಾವ ಮನೆಯ ಯಾವ ಹೆಣ್ಣುಮಗಳೂ ನನಗೆ ಗೊತ್ತಿಲ್ಲ. ಅವರಿಗೆಲ್ಲ ದಾರಿ ಮಾಡಿಕೊಟ್ಟಿದ್ದೆ.

ಬೀಗರಿಗೆ ಜೀವ ಬಂತು. ತೊಡೆ ತಟ್ಟಿ ನಕ್ಕರು. ಮೊಬೈಲಿನ ಕೆಂಪು ಗೆರೆ ತೆಗೆದು ಆಕೆಯ ಮುಂದೆ ಹಿಡಿದು, ನೋಡವ್ವಾ, ಇದು ಖರೇ ನಕ್ಷಾ, ಇದರಲ್ಲಿ ನೀನು ಮುಂಜಾನೆ ಹೋಗಿ ಸಂಜೆಗೆ ಬರಬಹುದು, ನಿಮ್ಮಪ್ಪನಿಗೆ ಬರುವ ತ್ರಾಸೂ ಇಲ್ಲ ಎಂದರು. ನಾನು ಈ ವರ್ಷದ ಪಂಚಮಿ ಇಲ್ಲಿಗೆ ಮುಗಿಯಿತೆಂದೇ ಉಂಡಿ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಿದ್ದೆ.

ಮಗಳು ಆ ಕೆಂಪು ಗೆರೆಯನ್ನೂ ಅಷ್ಟೇ ಗಮನ ಕೊಟ್ಟು ನೋಡಿದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದಳು.

"ಅಪ್ಪಾಜಿ, ಇದರಾಗ ಹೋದರ ನನ್ನ ಕರಿಯಾಕ ಯಾರೂ ಬಂದಂಗ ಆಗಂಗಿಲ್ಲ. ಕರಿಯಾಕ ಬರದ ತವರಿಗೆ ನಾ ಹ್ಯಾಂಗ ಹೋಗ್ಲಿ? ಅಪ್ಪ ಬಸ್ಸಿನ್ಯಾಗ ಬಂದಾನ, ನಾ ಬಸ್ಸಿನ್ಯಾಗ ಹೋಗ್ತೇನಿ. ಹಬ್ಬ ಮುಗದು ಜೋಕಾಲಿ ಬಿಚ್ಚಿದ ಮ್ಯಾಲ ನೀವ ಬಂದು ಕರಕೊಂಡು ಬರ್ರಿ."

ಬೀಗರು ಮೊಬೈಲು ಕಿಸೆಗೆ ಹಾಕಿಕೊಂಡರು. ಅವರ ಮುಖದ ಮೇಲೆ ಈಗ ಬಂದದ್ದನ್ನು ನಾನು ಚೆನ್ನಾಗಿ ಬಲ್ಲೆ. ಕನ್ನಡಿಯಲ್ಲಿ ಬಹಳ ಸಲ ನೋಡಿದ್ದೇನೆ. ನಾಕಾರು ದಿನ ಶುಂಠಿ ಹಾಕಿದ ಚಾ ಯಾರು ಕೊಡುತ್ತಾರೆ ಎನ್ನುವ ಚಿಂತೆ ಅದು. ಕರೆಯಲು ತಾವೇ ಬರುವುದಾಗಿ ಒಪ್ಪಿದರು. ಬಂದಾಗ ಒಂದು ರಾತ್ರಿ ಇದ್ದು ಹೋಗಬೇಕೆಂದು ನಾನೂ ಔದಾರ್ಯದಿಂದ ಹೇಳಿದೆ. ಗೆದ್ದವನಿಗೆ ಔದಾರ್ಯ ಬಹಳ ಅಗ್ಗವಾಗಿ ಬರುತ್ತದೆ.

ಬಸ್ಸಿನಲ್ಲಿ ಮಗಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟೆ. ಹೇಳಬೇಕಾದ ಮಾತುಗಳು ಬಹಳ ಇದ್ದವು. ಸಕ್ಕರೆಯಿಂದಲೇ ಶುರು ಮಾಡಬೇಕೆಂದು ಗಂಟಲು ಸರಿ ಮಾಡಿಕೊಂಡೆ. ಬಸ್ಸು ಇನ್ನೂ ಮೋಟೆಬೆನ್ನೂರು ಮುಟ್ಟಿರಲಿಲ್ಲ, ಆಕೆಯ ಫೋನು ರಿಂಗಾಯಿತು. ಬೀಗರು. ಮೊಣಕಾಲಿಗೆ ಹಚ್ಚುವ ಎಣ್ಣೆ ಎಲ್ಲಿದೆ ಎಂದು ಕೇಳುತ್ತಿದ್ದರು. ಅದು ಸಿಕ್ಕಿತು. ಆಮೇಲೆ ಗುಳಿಗೆ. ಅದೂ ಸಿಕ್ಕಿತು. ಆಮೇಲೆ ಎಮ್ಮೆ ರಸ್ತೆಯಿಂದ ಎದ್ದು ಹೋದ ಸುದ್ದಿ. ಮಗಳು ಕಿಲಕಿಲ ನಗುತ್ತ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತ ಮಾತಾಡುತ್ತಲೇ ಇದ್ದಳು. ಬಸ್ಸು ಪ್ರತಿ ಕ್ರಾಸಿನಲ್ಲೂ ನಿಂತಿತು, ಚೀಲ ಹೇರಿಕೊಂಡಿತು, ಮುದುಕಿಯರನ್ನು ಕೈಹಿಡಿದು ಹತ್ತಿಸಿಕೊಂಡಿತು, ಚಾಲಕ ಒಂದು ಕಡೆ ಇಳಿದು ಯಾರದೋ ಜೊತೆ ಕ್ಷೇಮ ಸಮಾಚಾರ ಮುಗಿಸಿ ಬಂದ. ಕರೆ ಮುಗಿಯಲಿಲ್ಲ.

ಇದೇ ಲಘು ರೈಲಾಗಿದ್ದರೆ ಇಷ್ಟೊತ್ತಿಗೆ ರಾಣೆಬೆನ್ನೂರು ಬಂದು, ಇಳಿಯುವ ಗಡಿಬಿಡಿಗಾದರೂ ಆಕೆ ಫೋನು ಇಡಬೇಕಾಗುತ್ತಿತ್ತು ಎಂದು ಲೆಕ್ಕ ಹಾಕುತ್ತ ನಾನು ಮುಂದಿನ ಸೀಟಿನ ಕಂಬಿ ಹಿಡಿದು ಕೂತೆ.